ಅಮ್ಮ ಎರಡು ಒಲೆ ಒಟ್ಟಿಗೆ ಹಚ್ಚೋದು ಯಾವಾಗ ಬಿಟ್ಟಳು?

"ಅಮ್ಮ ಬ್ಯಾಂಕ್ ವ್ಯವಹಾರ ತಾವೇ ನೋಡ್ಕೋತಾರಾ?"

ನ್ಯೂರಾಲಜಿಸ್ಟ್ ಕೇಳಿದ ಮೊದಲ ಪ್ರಶ್ನೆ ಇದು. ನಾನು ಅಪ್ಪನ ಮುಖ ನೋಡಿದೆ, ಅಪ್ಪ ನನ್ನ ಮುಖ ನೋಡಿದರು. "ಇಲ್ಲ" ಅಂದ್ವಿ ಇಬ್ಬರೂ. ಬರೆದುಕೊಳ್ಳೋಕೆ ಹೋದವರು ಪೆನ್ನು ನಿಲ್ಲಿಸಿ ಮತ್ತೆ ಕೇಳಿದರು, "ಮೊದಲಿಂದ್ಲೂ ಇಲ್ವೋ, ಈಗ ಬಿಟ್ಟಿದ್ದೋ?"

ಮೊದಲಿಂದ್ಲೂ ಇಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಅಮ್ಮ ಬ್ಯಾಂಕಿಗೆ ಹೋಗಿದ್ದು ಎಲ್ಲಾದರೂ ಸಹಿ ಬೇಕಾದಾಗ ಮಾತ್ರ. ಗಾಡಿ ಓಡಿಸ್ತಾರಾ? ಇಲ್ಲ. ಒಬ್ಬರೇ ಬಸ್ಸು ಹತ್ತಿ ಬೇರೆ ಊರಿಗೆ ಹೋಗ್ತಾರಾ? ಅದೂ ಇಲ್ಲ. "ಹಾಗಾದ್ರೆ ದಿನಾ ಏನು ಮಾಡ್ತಾರೆ?" ಅಂದರು ಡಾಕ್ಟರ್. "ಮನೆ ನೋಡ್ಕೋತಾಳೆ" ಅಂದರು ಅಪ್ಪ. "ಮನೇಲಿ ಏನೇನು ನೋಡ್ಕೋತಾರೆ?"

ಅಲ್ಲಿಗೆ ನಮ್ಮಿಬ್ಬರ ಜ್ಞಾನ ಮುಗೀತು.

ಅಮ್ಮನಿಗೆ 66 ವರ್ಷ. ಪಾರ್ಕಿನ್ಸನ್ ಕಾಯಿಲೆ ಅಂತ ಗೊತ್ತಾಗಿ ಆರು ವರ್ಷ ಆಯ್ತು. ಇಬ್ಬರೂ ತಿಪಟೂರಿನಲ್ಲಿ ಇರ್ತಾರೆ, ನಾನು ಬೆಂಗಳೂರಿನಲ್ಲಿ. ಈ ಅಂಕಣದಲ್ಲಿ ಮನೆಯ ಕಾಯಿಲೆ-ಕಸಾಲೆ ಬರೆಯೋದು ನನಗೆ ಇಷ್ಟವಿಲ್ಲ. ಆದ್ರೆ ಕಳೆದ ಆರು ತಿಂಗಳಲ್ಲಿ ನಾವು ಮಾಡಿದ ತಪ್ಪನ್ನ ನಿಮ್ಮಲ್ಲಿ ಕೆಲವರಾದ್ರೂ ಈಗ ಮಾಡ್ತಾ ಇರಬಹುದು. ಅದಕ್ಕೇ ಈ ಸಲ ಇದೇ ವಿಷಯ.

ತಪ್ಪು ಶುರುವಾಗಿದ್ದು ಹೋದ ದಸರಾ ಹೊತ್ತಿಗೆ. ಅಮ್ಮ ಮಾತು ಕಮ್ಮಿ ಮಾಡಿದಾಳೆ, ಏನಾದ್ರೂ ಕೇಳಿದ್ರೆ ಉತ್ತರ ತಡವಾಗಿ ಬರುತ್ತೆ ಅಂತ ಅಪ್ಪ ಫೋನಿನಲ್ಲಿ ಹೇಳ್ತಿದ್ದರು. ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಅಪಾಯಿಂಟ್‌ಮೆಂಟ್ ಮಾಡಿಸಿದೆ. ಬೆಳಗಿನ ರೈಲಿಗೆ ಬಂದರು. ರೈಲು, ಆಟೋ, ಬಿಲ್ಲಿಂಗ್ ಕ್ಯೂ, ಎಲ್ಲದರ ನಡುವೆ ಅಮ್ಮನ 11 ಗಂಟೆಯ ಮಾತ್ರೆ ತಪ್ಪಿಹೋಯ್ತು. ಪಾರ್ಕಿನ್ಸನ್ ಇರೋರ ಮನೆಯವರಿಗೆ ಇದರ ಅರ್ಥ ಗೊತ್ತು. ಮಾತ್ರೆಯ ಬಲ ಇಳಿದ ಹೊತ್ತಲ್ಲಿ ಕೈಕಾಲಷ್ಟೇ ಅಲ್ಲ, ಇಡೀ ಮನುಷ್ಯ ಹಿಡಿದುಕೊಂಡ ಹಾಗಾಗುತ್ತೆ. ಆ ಹೊತ್ತಲ್ಲಿ ಒಬ್ಬರು ಬಂದು, ಓಡಾಟದ ಕಾರಿಡಾರಿನ ಪಕ್ಕದ ಟೇಬಲ್ಲಿನಲ್ಲಿ ಕೂರಿಸಿ, ಹತ್ತು ನಿಮಿಷದಲ್ಲಿ ಒಂದು ಪರೀಕ್ಷೆ ಮಾಡಿ ಮುಗಿಸಿದರು. ಗಡಿಯಾರ ಬರೀರಿ ಅಂದರು. ಅಮ್ಮ ಬರೆದ ಗಡಿಯಾರ ಎಂಟಾಣೆಗಿಂತ ಚಿಕ್ಕದು. ಈ ಕಾಯಿಲೆಯಲ್ಲಿ ಬರವಣಿಗೆ ಸಣ್ಣಗಾಗುತ್ತೆ, ಅಷ್ಟು ಜಾಗದಲ್ಲಿ ಹನ್ನೆರಡು ಅಂಕಿ ಯಾರು ಕೂರಿಸ್ತಾರೆ? ಇವತ್ತು ಯಾವ ವಾರ ಅಂತ ಕೇಳಿದಾಗ ಅಮ್ಮ ಯೋಚನೆ ಮಾಡ್ತಾ ಇದ್ದಳು. ಅಪ್ಪ ತಡೆಯಲಾರದೆ "ಗುರುವಾರ ಕಣೇ" ಅಂದುಬಿಟ್ಟರು. ಆ ಪ್ರಶ್ನೆಗೂ ಸೊನ್ನೆ.

ಫೈಲಿನಲ್ಲಿ ಡಿಮೆನ್ಷಿಯಾ ಅಂತ ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಆ ಚಿಹ್ನೆ ನಮ್ಮ ಜೊತೆ ಮನೆಗೆ ಬರಲಿಲ್ಲ.

ಮನೆಗೆ ಹೋದ ವಾರವೇ ಅಪ್ಪ ಅಮ್ಮನಿಗೆ ಗ್ಯಾಸ್ ಮುಟ್ಟಬೇಡ ಅಂದರು. ಅಡುಗೆಗೆ ಒಬ್ಬರನ್ನ ಇಟ್ಟೆವು. ಹಾಲಿನ ಲೆಕ್ಕ ಕ್ಯಾಲೆಂಡರಿನ ಮೇಲೆ ಅಮ್ಮ ಗುರುತು ಹಾಕ್ತಿದ್ದಳು, ಅದನ್ನ ಅಪ್ಪ ತಗೊಂಡರು. ನಾನು ಲಿಫ್ಟ್ ಇರೋ ಮನೆ ಹುಡುಕೋಕೆ ಶುರು ಮಾಡಿದೆ, ಇಬ್ಬರನ್ನೂ ಬೆಂಗಳೂರಿಗೆ ಕರ್ಕೊಂಡು ಬಂದುಬಿಡೋಣ ಅಂತ. ಎಲ್ಲ ಪ್ರೀತಿಯಿಂದಲೇ. ಅಮ್ಮ ಟಿವಿ ಮುಂದೆ ಕೂತಳು. ಒಂದು ಸಲ ಮಾತ್ರ ಫೋನಿನಲ್ಲಿ ಕೇಳಿದಳು, "ನನಗೆ ತಲೆ ಕೆಟ್ಟಿದೆ ಅಂತ ಬರೆದವ್ರಾ?" ನಾನು ಇಲ್ಲಮ್ಮಾ ಅಂತ ಮಾತು ತಿರುಗಿಸಿದೆ.

ಎರಡು ತಿಂಗಳಾದ ಮೇಲೆ ಆಫೀಸಿನ ಸ್ನೇಹಿತನೊಬ್ಬನ ಒತ್ತಾಯಕ್ಕೆ ಬೇರೊಬ್ಬ ನ್ಯೂರಾಲಜಿಸ್ಟ್ ಹತ್ತಿರ ಹೋಗಿದ್ದು. ಬ್ಯಾಂಕಿನ ಪ್ರಶ್ನೆ ಕೇಳಿದ್ದು ಅವರೇ.

ಅವರು ಹಾಗೆ ಯಾಕೆ ಕೇಳಿದರು ಅನ್ನೋದು ಗೊತ್ತಾಗೋಕೆ ಈ ಕಾಯಿಲೆಯ ಹಳೇ ಕಥೆ ಸ್ವಲ್ಪ ಬೇಕು. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಅನ್ನೋ ವೈದ್ಯ ಈ 'ನಡುಗುವ ಪಾರ್ಶ್ವವಾಯು' ಬಗ್ಗೆ ಒಂದು ಪುಸ್ತಿಕೆ ಬರೆದ. ಅವನ ಆಧಾರ ಒಟ್ಟು ಆರು ಜನ. ಅವರಲ್ಲಿ ಕೆಲವರನ್ನು ಅವನು ಕಂಡಿದ್ದು ಬೀದಿಯಲ್ಲಷ್ಟೇ. ಮೈ ನಡುಗಿದರೂ ಬುದ್ಧಿಗೆ ಏನೂ ಆಗೋದಿಲ್ಲ ಅಂತ ಅವನು ಬರೆದ. ಆ ಶತಮಾನದಲ್ಲೇ ಫ್ರಾನ್ಸಿನ ಶಾರ್ಕೋ, ಕಾಯಿಲೆಗೆ ಪಾರ್ಕಿನ್ಸನ್ ಹೆಸರು ಅಂಟಿಸಿದವನು, ಇದಕ್ಕೆ ಒಪ್ಪಲಿಲ್ಲ. ಆದರೂ ಪಾರ್ಕಿನ್ಸನ್ ಅಂದ್ರೆ ಕೈ ನಡುಕ ಅನ್ನೋದೇ ಜನರ ಮನಸ್ಸಲ್ಲಿ ಉಳೀತು. ನಮ್ಮಲ್ಲಿ ಕಂಪವಾತ ಅನ್ನೋ ಹೆಸರಲ್ಲೂ ಇರೋದು ನಡುಕವೇ.

ಈಗ ಗೊತ್ತಿರೋದು ಹೀಗೆ. ಡಿಮೆನ್ಷಿಯಾ ಇಲ್ಲದ ಪಾರ್ಕಿನ್ಸನ್ ರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಯೋಚನೆಯ ಕೆಲಸದಲ್ಲಿ ಸಣ್ಣ ಕುಂದು ಇರುತ್ತೆ. ಕೆಲವರಲ್ಲಿ ಕಾಯಿಲೆ ಪತ್ತೆಯಾದ ದಿನಕ್ಕೇ ಇರುತ್ತೆ. ಇದಕ್ಕೆ ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್ ಅಂತಾರೆ, ಚಿಕ್ಕದಾಗಿ ಎಂಸಿಐ. ಗಮನ, ನೆನಪು, ಯೋಜನೆ ಮಾಡೋದು, ಇವುಗಳಲ್ಲಿ ಮೊದಲಿಗಿಂತ ಇಳಿತ ಕಾಣುತ್ತೆ, ಆದರೆ ಮನುಷ್ಯ ತನ್ನ ಬದುಕನ್ನ ತಾನೇ ನಡೆಸಿಕೊಳ್ತಾನೆ. ಕಷ್ಟದ ಕೆಲಸ ಒಂದಿಷ್ಟು ತಡವರಿಸಬಹುದು, ಅಷ್ಟೆ. ಬದುಕು ನಡೆಸೋದೇ ಆಗ್ತಿಲ್ಲ ಅಂದ್ರೆ ಮಾತ್ರ ಡಿಮೆನ್ಷಿಯಾ.

ಗೆರೆ ಇರೋದು ಇಲ್ಲಿ. ಮಾರ್ಕ್ಸು ಎಷ್ಟು ಬಂತು ಅನ್ನೋದಷ್ಟೇ ನೋಡಿ ಈ ಗೆರೆ ಎಳೆಯೋಕಾಗಲ್ಲ. ಈ ಮನುಷ್ಯ ದಿನಾ ಏನು ಮಾಡ್ತಿದ್ದ, ಈಗ ಏನು ಮಾಡ್ತಾನೆ ಅಂತ ಯಾರಾದರೂ ಹೇಳಬೇಕು. ರೋಗಿ ಹೇಳಬಹುದು, ಮನೆಯವರು ಹೇಳಬಹುದು, ಡಾಕ್ಟರ್ ತಾವೇ ಗಮನಿಸಬಹುದು. ನಾವೋ, ಎರಡು ತಿಂಗಳ ಹಿಂದೆಯೇ ಅಮ್ಮನ ಕೈಯಿಂದ ಎಲ್ಲ ಕೆಲಸ ಕಿತ್ತುಕೊಂಡಿದ್ವಿ. "ಅವರು ಮಾಡಬಲ್ಲರಾ?" ಅಂತ ಕೇಳಿದ್ರೆ ಉತ್ತರ ಎಲ್ಲಿಂದ ತರೋದು?

ಡಾಕ್ಟರಿಗೆ ಅದು ಹೊಸತೇನಲ್ಲ ಅಂತ ಕಾಣುತ್ತೆ. "ಅವರ ಜೊತೆ ಅಡುಗೆಮನೇಲಿ ನಿಂತಿದ್ದೋರು ಯಾರಾದ್ರೂ ಇದಾರಾ?" ಅಂತ ಕೇಳಿದರು. ಇದ್ದಾರೆ, ಚಿಕ್ಕಮ್ಮ. ಅಮ್ಮನ ತಂಗಿ, ಎರಡು ಬೀದಿ ಆಚೆ ಮನೆ. ಪ್ರತಿ ಹಬ್ಬಕ್ಕೂ ಇಬ್ಬರೂ ಸೇರಿಯೇ ಅಡುಗೆ. ಅಮ್ಮನನ್ನ ಹೊರಗೆ ಕೂರಿಸಿ ಚಿಕ್ಕಮ್ಮನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ.

"ಅಕ್ಕ ಎರಡು ಒಲೆ ಒಟ್ಟಿಗೆ ಹಚ್ಚೋದು ಬಿಟ್ಟು ಒಂದು ವರ್ಷದ ಮೇಲಾಯ್ತು ಡಾಕ್ಟ್ರೇ."

ನಾನು ಅಪ್ಪನ ಕಡೆ ನೋಡಲೇ ಇಲ್ಲ.

ಚಿಕ್ಕಮ್ಮ ಹೇಳ್ತಾ ಹೋದರು. ಮೊದಲೆಲ್ಲ ಅಕ್ಕ ಒಂದು ಕಡೆ ಬೇಳೆಗಿಟ್ಟು, ಇನ್ನೊಂದು ಕಡೆ ಪಲ್ಯಕ್ಕೆ ಒಗ್ಗರಣೆ ಹಾಕಿ, ನಡುವೆ ಕಣಕ ನಾದಿ ಇಡೋಳು. ಈಗ ಕುಕ್ಕರ್ ಕೂಗೋ ತನಕ ಅದರ ಮುಂದೇ ನಿಂತಿರ್ತಾಳೆ. ನಡುವೆ ಯಾರಾದ್ರೂ ಮಾತಾಡ್ಸಿದ್ರೆ ಎಷ್ಟು ಕೂಗು ಆಯ್ತು ಅನ್ನೋದು ತಪ್ಪಿ ಹೋಗುತ್ತೆ. ಹೋದ ಗೌರಿ ಹಬ್ಬಕ್ಕೆ ಒಬ್ಬಟ್ಟು ಬೇಡ, ಕೈ ನೋವು ಅಂದಳು. "ಕೈ ನೋವಲ್ಲ ಡಾಕ್ಟ್ರೇ. ಹೂರಣ, ಕಣಕ, ಸಾರು, ಕೋಸಂಬರಿ, ಯಾವುದು ಮೊದ್ಲು ಯಾವುದು ಆಮೇಲೆ ಅಂತ ಅವ್ಳಿಗೆ ಗೊಂದ್ಲ ಆಗ್ತಿತ್ತು. ನನಗೆ ಗೊತ್ತಾಯ್ತು, ನಾನು ಸುಮ್ನಿದ್ದೆ." ರಂಗೋಲಿಯೂ ಹಾಗೇ. ಚುಕ್ಕಿ ಇಟ್ಟು ಎಳೆ ಎಲ್ಲಿಗೆ ತಗೊಂಡು ಹೋಗ್ಬೇಕು ಅಂತ ನಿಂತುಬಿಡ್ತಾಳೆ. ಆಮೇಲಾಮೇಲೆ ಚುಕ್ಕಿ ರಂಗೋಲಿ ಬಿಟ್ಟು ನಾಲ್ಕೆಳೆಯ ಸಣ್ಣದು ಹಾಕೋಕೆ ಶುರು ಮಾಡಿದಳು. ನಾವು ಬೆನ್ನು ಬಗ್ಗಲ್ಲ ಅಂತ ಅಂದ್ಕೊಂಡಿದ್ವಿ. ಅದೂ ಇತ್ತು, ಇದೂ ಇತ್ತು.

"ಆದ್ರೆ ಊಟ ಹಾಳಾಗಿಲ್ಲ. ಉಪ್ಪು ಹುಳಿ ತಪ್ಪಿಲ್ಲ. ಗ್ಯಾಸ್ ಆರ್ಸೋದು ಮರೆತಿಲ್ಲ. ಯಾರ ಮನೆ ಮದ್ವೆ ಯಾವತ್ತು, ಯಾರಿಗೆ ಏನು ಮುಯ್ಯಿ ಮಾಡ್ಬೇಕು, ಎಲ್ಲ ನೆನಪಿದೆ ಅವ್ಳಿಗೆ. ಒಂದಾದ್ಮೇಲೆ ಒಂದು ಮಾಡ್ಕೊಂಡು ಹೋಗ್ತಾಳೆ. ಹೊತ್ತು ಹಿಡಿಯುತ್ತೆ ಅಷ್ಟೇ."

ಡಾಕ್ಟರ್ ಪೂರ್ತಿ ಒಂದು ಪುಟ ಬರೆದುಕೊಂಡರು. ಪಾರ್ಕಿನ್ಸನ್‌ನ ಕುಂದು ಅನೇಕರಲ್ಲಿ ಹೀಗೇ ಬರುತ್ತೆ ಅಂತ ಆಮೇಲೆ ವಿವರಿಸಿದರು. ಆಲ್‌ಝೈಮರ್‌ನಲ್ಲಿ ಮನೆಯವರಿಗೆ ಮೊದಲು ಕಾಣೋದು ಸಾಮಾನ್ಯವಾಗಿ ಮರೆವು. ಇಲ್ಲಿ ಎಷ್ಟೋ ಸಲ ಮರೆವು ಎದ್ದು ಕಾಣೋದೇ ಇಲ್ಲ. ಎರಡು ಕೆಲಸದ ನಡುವೆ ಗಮನ ಹಂಚೋದು, ಕೆಲಸಕ್ಕೆ ಕ್ರಮ ಹಾಕೋದು, ಕಣ್ಣಿಂದ ಆಕಾರ, ಅಂತರ ಅಳೆಯೋದು, ಇಂಥವು ಮೊದಲು ಸಡಿಲ ಆಗಬಹುದು. ಹಾಗಾದವರು ತಪ್ಪು ಮಾಡಿ ಸಿಕ್ಕಿಬೀಳೋದು ಕಮ್ಮಿ. ಆ ಕೆಲಸವನ್ನೇ ಮೆಲ್ಲಗೆ ಬಿಟ್ಟುಬಿಡ್ತಾರೆ, ಬಿಟ್ಟಿದ್ದಕ್ಕೆ ಕೈ ನೋವು, ಬೆನ್ನು ನೋವು ಅಂತ ಒಂದು ಕಾರಣ ಸಿದ್ಧ ಇರುತ್ತೆ. ಭಾನುವಾರ ವಿಡಿಯೋ ಕಾಲ್ ಮಾಡಿ "ಅಮ್ಮ ಏನಾದ್ರೂ ಮರೀತಾಳಾ?" ಅಂತ ಕೇಳ್ತಿದ್ದ ನನಗೆ "ಇಲ್ಲಪ್ಪ" ಅನ್ನೋ ಉತ್ತರ ಬರ್ತಿದ್ದದ್ದು ಸುಳ್ಳೇನಲ್ಲ. ನಾನು ಕೇಳಬೇಕಾಗಿದ್ದು, ಏನೇನು ಮಾಡೋದು ಬಿಟ್ಟಿದಾಳೆ ಅಂತ.

ವಿಡಿಯೋ ಕಾಲ್ ಇನ್ನೊಂದು ಮೋಸ ಮಾಡುತ್ತೆ. ಈ ಕಾಯಿಲೆಯಲ್ಲಿ ಮುಖದ ಸ್ನಾಯುಗಳು ಬಿಗಿಯಾಗಿ ಭಾವ ಕಾಣೋದಿಲ್ಲ, ದನಿ ಸಣ್ಣಗಾಗುತ್ತೆ. ನೋಡೋರಿಗೆ ಇವರು ಇಲ್ಲೇ ಇಲ್ಲ ಅನ್ಸುತ್ತೆ. ನಮ್ಮ ನೆಂಟರಲ್ಲಿ ಅರ್ಧ ಜನ ಆ ಮುಖ ನೋಡಿಯೇ ಅಮ್ಮನಿಗೆ ಅರಳುಮರಳು ಅಂತ ತೀರ್ಮಾನ ಮಾಡಿದ್ದರು.

ಚಿಕ್ಕಮ್ಮನ ಫೋನ್ ಆದಮೇಲೆ ನಮ್ಮಿಬ್ಬರನ್ನೂ ಹೊರಗೆ ಕಳಿಸಿ ಅಮ್ಮನನ್ನ ಒಬ್ಬಳನ್ನೇ ಒಳಗೆ ಕರೆದರು. ಇಪ್ಪತ್ತು ನಿಮಿಷ. ಏನು ಮಾತಾಡಿದರು ಅಂತ ಡಾಕ್ಟರ್ ಹೇಳಲಿಲ್ಲ. ರಾತ್ರಿ ನನ್ನ ರೂಮಿನಲ್ಲಿ ಅಮ್ಮನೇ ಹೇಳಿದಳು. ಅವಳಿಗೆ ಒಂದು ವರ್ಷದಿಂದ ಗೊತ್ತಿತ್ತು. "ತಲೇಲಿ ದಾರಿ ಸಿಗಲ್ಲ ಕಣೋ ಒಂದೊಂದು ಸಲ. ನಿಮ್ಮಪ್ಪ ಹೆದರ್ಕೋತಾರೆ ಅಂತ ಹೇಳ್ಲಿಲ್ಲ." ಆರು ವರ್ಷದಲ್ಲಿ ಅಮ್ಮನ ನಡುಕದ ಬಗ್ಗೆ ಎಷ್ಟು ಸಲ ಕೇಳಿದೀನೋ ಲೆಕ್ಕ ಇಲ್ಲ. ಇದನ್ನ ಒಂದು ಸಲವೂ ನೇರವಾಗಿ ಕೇಳಿರಲಿಲ್ಲ.

ಅವತ್ತೇ ಡಾಕ್ಟರ್ ಯಾವ ಹೆಸರನ್ನೂ ಕೊಡಲಿಲ್ಲ. ಮೊದಲು ಬೇರೆ ಕಾರಣ ಇದೆಯಾ ನೋಡಬೇಕು ಅಂದರು. ಥೈರಾಯ್ಡ್, ಬಿ12 ರಕ್ತಪರೀಕ್ಷೆ. ಮಲಗಿದಾಗ ಒಂದು ಬಿಪಿ, ಎದ್ದು ನಿಂತ ಮೇಲೆ ಒಂದು ಬಿಪಿ, ಯಾಕಂದ್ರೆ ಈ ಕಾಯಿಲೆಯಲ್ಲಿ ನಿಂತಾಗ ಬಿಪಿ ಬಿದ್ದು ತಲೆ ಮಂಜಾಗೋದು ಉಂಟು. ನಿದ್ದೆ ಹೇಗೆ, ಹಗಲು ತೂಕಡಿಕೆ ಇದೆಯಾ, ಮನಸ್ಸು ಕುಗ್ಗಿದೆಯಾ ಅಂತೆಲ್ಲ ಕೇಳಿದರು. ಖಿನ್ನತೆ ಪಾರ್ಕಿನ್ಸನ್‌ನಲ್ಲಿ ತುಂಬ ಸಾಮಾನ್ಯ, ಅದೊಂದೇ ಸಾಕು ಗಮನ, ನೆನಪು ಎರಡನ್ನೂ ಕೆಡಿಸೋಕೆ. ಅಮ್ಮನ ಬಿ12 ಕಮ್ಮಿ ಇತ್ತು, ಇಂಜೆಕ್ಷನ್ ಶುರುವಾಯ್ತು.

ಆಮೇಲೆ ಮಾತ್ರೆಗಳ ಚೀಟಿ ಕೈಗೆ ತಗೊಂಡು ಒಂದರ ಮೇಲೆ ಬೆರಳಿಟ್ಟರು. ಟ್ರೈಹೆಕ್ಸಿಫೆನಿಡಿಲ್. ಶುರುವಿನಲ್ಲಿ ನಡುಕ ಕಮ್ಮಿ ಆಗ್ಲಿ ಅಂತ ಯಾರೋ ಬರೆದಿದ್ದು, ಆರು ವರ್ಷದಿಂದ ಚೀಟಿಯಿಂದ ಚೀಟಿಗೆ ಹಾಗೇ ನಕಲಾಗ್ತಾ ಬಂದಿದೆ. ಹಳೇ ಮಾತ್ರೆ, ಅಗ್ಗ, ನಡುಕಕ್ಕೆ ಕೆಲಸವನ್ನೂ ಮಾಡುತ್ತೆ. ಆದರೆ ಅದು ಮೆದುಳಿನ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕದ ಕೆಲಸಕ್ಕೆ ಅಡ್ಡ ನಿಲ್ಲುತ್ತೆ, ಗಮನಕ್ಕೂ ನೆನಪಿಗೂ ಬೇಕಾದದ್ದು ಅದೇ. ವಯಸ್ಸಾದವರಲ್ಲಿ ಈ ಮಾತ್ರೆಯಿಂದಲೇ ಮರೆವು, ಗೊಂದಲ ಬರಬಹುದು. ಮೂತ್ರದ ತೊಂದರೆಗೆ, ಅಲರ್ಜಿಗೆ, ನಿದ್ದೆಗೆ ಕೊಡೋ ಕೆಲವು ಮಾತ್ರೆಗಳೂ ಇದೇ ಜಾತಿಯವು. ಅಮ್ಮನಿಗೆ ಅದನ್ನ ಕೆಲವು ವಾರಗಳಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಿ ನಿಲ್ಲಿಸಿದರು. ಇದನ್ನ ಓದಿ ಯಾರೂ ಮನೇಲಿ ತಾವೇ ಮಾತ್ರೆ ನಿಲ್ಲಿಸೋಕೆ ಹೋಗಬೇಡಿ, ಪಾರ್ಕಿನ್ಸನ್ ಮಾತ್ರೆಗಳನ್ನ ದಿಢೀರ್ ನಿಲ್ಲಿಸೋದು ಅಪಾಯ. ಚೀಟಿ ತಗೊಂಡು ಹೋಗಿ ಕೇಳಿ.

ಕೊನೆಗೆ ಡಾಕ್ಟರ್ ಬರೆದ ಒಂದು ಸಾಲು ಯಾವ ಮೆಡಿಕಲ್ ಶಾಪಿನಲ್ಲೂ ಸಿಗುವಂಥದ್ದಲ್ಲ. ಒಲೆ ವಾಪಸ್ ಕೊಡಿ, ಯಾರಾದ್ರೂ ಜೊತೆಗಿರಿ, ಏನಾಗುತ್ತೆ ನೋಡಿ.

ಅಪ್ಪ ಒಪ್ಪಲಿಲ್ಲ. ಬರುವಾಗ ದಾರಿಯುದ್ದಕ್ಕೂ ಗೊಣಗಿದರು. ಏನಾದ್ರೂ ಆದ್ರೆ ಆ ಡಾಕ್ಟರ್ ಬರ್ತಾರಾ ಅಂತ. ಅವರ ಭಯ ಸುಳ್ಳಲ್ಲ, ಮನೇಲಿ ಇರೋದು ಇಬ್ಬರೇ ವಯಸ್ಸಾದವರು. ಚಿಕ್ಕಮ್ಮ ದಿನಾ ಬೆಳಿಗ್ಗೆ ಒಂದು ಗಂಟೆ ಬಂದು ಕೂರ್ತೀನಿ ಅಂದ ಮೇಲೆ ಒಪ್ಪಿದರು.

ಮೂರು ತಿಂಗಳು ಬಿಟ್ಟು ಸರಿಯಾದ ಪರೀಕ್ಷೆ ನಡೀತು. ಎರಡು ದಿನ, ಎರಡು ಬೆಳಿಗ್ಗೆ. ಮಾತ್ರೆ ತಗೊಂಡು ಮೈ ಹಗುರಾದ ಹೊತ್ತು ನೋಡಿ, ಶಾಂತವಾದ ಕೋಣೆಯಲ್ಲಿ, ಪೂರ್ತಿ ಕನ್ನಡದಲ್ಲಿ. ಈ ಸಲ ಅಪ್ಪನಿಗೆ ಒಳಗೆ ಪ್ರವೇಶ ಇರಲಿಲ್ಲ.

ಪರೀಕ್ಷೆಗಳ ಬಗ್ಗೆ ಸ್ವಲ್ಪ ಹೇಳ್ತೀನಿ. ಮೊದಲ ಆಸ್ಪತ್ರೆಯಲ್ಲಿ ಮಾಡಿದ್ದು ಮೋಕಾ, ಅಂದ್ರೆ ಮಾಂಟ್ರಿಯಲ್ ಕಾಗ್ನಿಟಿವ್ ಅಸೆಸ್‌ಮೆಂಟ್. 2005ರಲ್ಲಿ ಕೆನಡಾದಲ್ಲಿ ಬಂದದ್ದು, ಒಟ್ಟು 30 ಅಂಕ. 26 ಅಥವಾ ಮೇಲಿದ್ದರೆ ಸಹಜ ಅಂತ ಲೆಕ್ಕ. 12 ವರ್ಷ ಅಥವಾ ಅದಕ್ಕಿಂತ ಕಮ್ಮಿ ಓದಿದವರಿಗೆ ಒಂದು ಅಂಕ ಹೆಚ್ಚಿಗೆ ಕೊಡ್ತಾರೆ. ಒಳ್ಳೇ ಪರೀಕ್ಷೆಯೇ, ಕನ್ನಡದಲ್ಲೂ ಇದೆ. ಎಲ್ಲ ಕಡೆ ಬಳಕೆಯಲ್ಲಿದ್ದ ಹಳೇ ಎಂಎಂಎಸ್‌ಇಗಿಂತ ಪಾರ್ಕಿನ್ಸನ್‌ಗೆ ಇದು ವಾಸಿ, ಯಾಕಂದ್ರೆ ಯೋಜನೆ, ಗಮನ ಹಂಚೋದು ಇಂಥವನ್ನ ಎಂಎಂಎಸ್‌ಇ ಹೆಚ್ಚು ಕೇಳೋದೇ ಇಲ್ಲ. ಆದರೆ ಮೋಕಾ ಸೋಸಿ ನೋಡುವ ಜರಡಿ ಮಾತ್ರ. ಎಸ್ಸೆಸ್ಸೆಲ್ಸಿ ಓದಿದ ತಿಪಟೂರಿನ ಹೆಂಗಸಿನ ಮಾರ್ಕ್ಸನ್ನ ಮಾಂಟ್ರಿಯಲ್‌ನವರ ಅಳತೆಗೋಲಿಟ್ಟು ನೋಡಿ, ಒಂದು ಅಂಕ ಸೇರಿಸಿದ ಮಾತ್ರಕ್ಕೆ ಲೆಕ್ಕ ಸರಿಹೋಗುತ್ತೆ ಅಂತ ನನಗಂತೂ ಅನ್ಸಲ್ಲ.

ಪಾರ್ಕಿನ್ಸನ್‌ನ ಎಂಸಿಐ ಗುರುತಿಸೋಕೆ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ 2012ರಲ್ಲಿ ಒಂದು ನಿಯಮ ಮಾಡಿತು. ಅದರಲ್ಲಿ ಎರಡು ಮಟ್ಟ. ಮೊದಲನೆಯದು ಮೋಕಾ ಥರದ ಚಿಕ್ಕ ಪರೀಕ್ಷೆ, ಇಲ್ಲವೇ ಕೆಲವೇ ಪರೀಕ್ಷೆಗಳ ಮೇಲೆ ಹೇಳೋದು. ಎರಡನೆಯದು ಪೂರ್ತಿ ಪರೀಕ್ಷೆ: ಗಮನ, ಯೋಜನಾಶಕ್ತಿ, ಭಾಷೆ, ನೆನಪು, ಆಕಾರ-ಅಂತರ ಗುರುತಿಸೋದು, ಈ ಐದರಲ್ಲೂ ಕನಿಷ್ಠ ಎರಡೆರಡು. ಒಟ್ಟಾರೆ ಕನಿಷ್ಠ ಎರಡು ಪರೀಕ್ಷೆಯಲ್ಲಾದರೂ ಅದೇ ವಯಸ್ಸಿನ, ಅಷ್ಟೇ ಓದಿದವರಿಗಿಂತ ಸ್ಪಷ್ಟವಾಗಿ ಕೆಳಗಿದ್ದರೆ, ಜೊತೆಗೆ ಇಳಿತದ ಕಥೆ ಇದ್ದರೆ, ದಿನದ ಬದುಕು ನಡೀತಿದ್ದರೆ, ಬೇರೆ ಕಾರಣ ಇಲ್ಲದಿದ್ದರೆ, ಆಗ ಎಂಸಿಐ. ನಮ್ಮ ಭಾಷೆಗಳಿಗೆ ಹೊಂದುವ ಪರೀಕ್ಷೆಗಳೂ ಈಗಿವೆ. ನಿಮ್ಹಾನ್ಸ್‌ನವರದ್ದೇ ಒಂದು ಪರೀಕ್ಷಾ ಸರಣಿ ಇದೆ. ಐಸಿಎಂಆರ್ ಮಾಡಿಸಿದ ಸರಣಿ ಕನ್ನಡ ಸೇರಿ ಐದು ಭಾಷೆಗಳಲ್ಲಿದೆ. ಕೇಳಿ ಪಡೀಬೇಕು, ಅಷ್ಟೆ. ಅಂದಹಾಗೆ, ಪರೀಕ್ಷೆಗೆ ಮುಂಚೆ ಯೂಟ್ಯೂಬ್ ನೋಡಿ ಮನೇಲಿ ಗಡಿಯಾರ ಬರೆಸಿ ಅಭ್ಯಾಸ ಮಾಡಿಸೋ ಮಕ್ಕಳಿದ್ದಾರಂತೆ. ದಯವಿಟ್ಟು ಬೇಡ. ಪಾಸು ಮಾಡಿಸೋಕೆ ಇದೇನು ಪಿಯುಸಿ ಅಲ್ಲ.

ಅಮ್ಮನ ಫಲಿತಾಂಶ ಬಂತು. ಭಾಷೆ ಚೆನ್ನಾಗಿದೆ. ನೆನಪಿನಲ್ಲಿ ಒಂದು ಸೋಜಿಗ: ಕೊಟ್ಟ ಪದಗಳನ್ನ ತಾನಾಗಿ ಹೇಳು ಅಂದ್ರೆ ತಡವರಿಕೆ, ಆದ್ರೆ "ಅದೊಂದು ಹಣ್ಣು" ಅಂತ ಸುಳಿವು ಕೊಟ್ಟ ತಕ್ಷಣ ಹೇಳಿದಳಂತೆ. ಅಂದ್ರೆ ಸೀರೆ ಬೀರುವಿನಲ್ಲೇ ಇದೆ, ಯಾವ ಅರೆಯಲ್ಲಿ ಅನ್ನೋದು ಹೊಳೀತಿಲ್ಲ. ಯೋಜನೆಯ ಎರಡು ಪರೀಕ್ಷೆ, ಆಕಾರದ ಒಂದು ಪರೀಕ್ಷೆ ಕೆಳಗಿತ್ತು. ಈ ಮೂರನ್ನೂ ನೋಡಿದಾಗ ನನಗೆ ಕಂಡಿದ್ದು ಚಿಕ್ಕಮ್ಮ ಹೇಳಿದ ಒಲೆ ಮತ್ತು ರಂಗೋಲಿ. ಮೋಕಾ ಅಂಕ ಮೊದಲ ಸಲಕ್ಕಿಂತ ನಾಲ್ಕು ಹೆಚ್ಚು ಬಂದಿತ್ತು. ಮಾತ್ರೆ ಬಿಟ್ಟಿದ್ದಕ್ಕೋ, ಬಿ12ಗೋ, ಕೋಣೆ ಶಾಂತವಾಗಿದ್ದಕ್ಕೋ, ಎರಡನೇ ಸಲ ಬರೆದದ್ದಕ್ಕೋ, ಬಿಡಿಸಿ ಹೇಳೋಕಾಗಲ್ಲ ಅಂದರು ಡಾಕ್ಟರ್. ಮನೇಲಿ ಮೂರು ತಿಂಗಳು ಅಡುಗೆ ನಡೆದಿತ್ತು. ಅದೂ ಫೈಲಿಗೆ ಸೇರಿತು. ಡಿಮೆನ್ಷಿಯಾ ಅಲ್ಲ, ಎಂಸಿಐ ಅಂತ ಬರೆದರು. ಈ ಸಲ ಪ್ರಶ್ನಾರ್ಥಕ ಚಿಹ್ನೆ ಇರಲಿಲ್ಲ.

"ಇದಕ್ಕೆ ಮಾತ್ರೆ?" ಅಂದರು ಅಪ್ಪ. ಇಲ್ಲ. ರಿವಾಸ್ಟಿಗ್ಮಿನ್ ಅಂತ ಒಂದು ಔಷಧಿ ಪಾರ್ಕಿನ್ಸನ್ ಡಿಮೆನ್ಷಿಯಾಗೆ ಒಪ್ಪಿಗೆ ಪಡೆದಿದೆ, ಎಂಸಿಐಗೆ ಅಂತ ಒಪ್ಪಿಗೆ ಇರೋ ಮಾತ್ರೆ ಯಾವುದೂ ಇಲ್ಲ. ವ್ಯಾಯಾಮ ಮಾಡಿಸಿ ಅಂದರು. ಮಾತ್ರೆ ಇಲ್ಲದ ಮೇಲೆ ಹೆಸರಿಟ್ಟು ಏನು ಪ್ರಯೋಜನ ಅಂತ ನನಗೂ ಅನ್ಸಿತ್ತು. ಈಗ ಅನ್ಸಲ್ಲ. ಯಾವ ಮಾತ್ರೆ ಅಮ್ಮನಿಗೆ ಕೊಡಬಾರದು ಅಂತ ಊರಿನ ಡಾಕ್ಟರಿಗೆ ಈಗ ಗೊತ್ತು. ದಿನಕ್ಕೆ ಐದು ಸಲದ ಮಾತ್ರೆಗೆ ಫೋನಿನಲ್ಲಿ ಅಲಾರಂ ಇದೆ. ಮುಂದೆಂದಾದರೂ ಮೆದುಳಿನ ಡಿಬಿಎಸ್ ಆಪರೇಷನ್ ಮಾತು ಬಂದರೆ ಈ ವರದಿಯನ್ನ ನೋಡಿಯೇ ಯೋಚಿಸಬೇಕು. ಮನೆ, ತೋಟದ ಪತ್ರಗಳ ವಿಷಯ ಅಮ್ಮನನ್ನ ಕೂರಿಸಿಕೊಂಡು ಮಾತಾಡಿದ್ವಿ. ತೀರ್ಮಾನ ಹೇಳೋ ಶಕ್ತಿ ಅವಳಿಗೆ ಪೂರ್ತಿ ಇದೆ, ಹೇಳಿದಳು ಕೂಡ, ಅಪ್ಪನಿಗೆ ಅಷ್ಟೇನೂ ಇಷ್ಟವಾಗದ ತೀರ್ಮಾನವನ್ನ. ನಾನು ಬೆಂಗಳೂರಿನ ಮನೆ ಹುಡುಕೋದು ಬಿಟ್ಟೆ.

ಮುಂದೆ ಹೇಗೆ? ಎಂಸಿಐ ಇರೋರಲ್ಲಿ ಕೆಲವರು ವರ್ಷಗಳು ಕಳೆದಂತೆ ಡಿಮೆನ್ಷಿಯಾ ಕಡೆಗೆ ಹೋಗ್ತಾರೆ, ಕೆಲವರು ಇದ್ದ ಹಾಗೇ ಇರ್ತಾರೆ, ಕೆಲವರು ಮುಂದಿನ ಪರೀಕ್ಷೆಯಲ್ಲಿ ಸಹಜ ಮಟ್ಟಕ್ಕೆ ಬಂದಿರ್ತಾರೆ. ಎಂಸಿಐ ಇಲ್ಲದವರಿಗಿಂತ ಇವರಿಗೆ ಡಿಮೆನ್ಷಿಯಾ ಬರೋ ಸಾಧ್ಯತೆ ಹೆಚ್ಚು, ಅದನ್ನ ಮುಚ್ಚಿಡಲ್ಲ. ಅಮ್ಮನಿಗೂ ಮುಚ್ಚಿಡಲಿಲ್ಲ. ವರ್ಷ ಬಿಟ್ಟು ಮತ್ತೆ ಪರೀಕ್ಷೆ, ಆಗ ಹೋಲಿಸೋಕೆ ಈ ವರದಿ ಇರುತ್ತೆ.

ಈ ಯುಗಾದಿಗೆ ಊರಿಗೆ ಹೋಗಿದ್ದೆ. ಅಮ್ಮ ಒಬ್ಬಟ್ಟು ಮಾಡಿದಳು, ಎರಡು ದಿನದಲ್ಲಿ. ಹಿಂದಿನ ದಿನ ಸಂಜೆಯೇ ಹೂರಣ ರುಬ್ಬಿ ಇಟ್ಟಳು. ಬೆಳಿಗ್ಗೆ ಕಣಕ. ಗೋಡೆಗೆ ಒಂದು ಹಾಳೆ ಅಂಟಿಸಿತ್ತು, ಚಿಕ್ಕಮ್ಮನ ಅಕ್ಷರ, ಒಂದು, ಎರಡು, ಮೂರು ಅಂತ. ಹಚ್ಚಿದ್ದು ಒಂದೇ ಒಲೆ. ಸಾರು ಆಗಿ, ಪಲ್ಯ ಆಗಿ, ಕೋಸಂಬರಿ ಆಗಿ, ಕೊನೆಗೆ ಕಾವಲಿ ಇಡೋ ಹೊತ್ತಿಗೆ ಒಂದೂವರೆ ಗಂಟೆ. ಅಪ್ಪ ಹಸಿವು ತಡೆಯಲಾರದೆ ಎರಡು ಸಲ ಬಾಗಿಲ ಹತ್ತಿರ ಬಂದು ಏನೂ ಮಾತಾಡದೆ ವಾಪಸ್ ಹೋದರು.

ನಾನು ಬಾಗಿಲಿಗೆ ಒರಗಿ ನಿಂತು ಫೋನಿನಲ್ಲಿ ಟೈಪ್ ಮಾಡ್ತಿದ್ದೆ. ಅಮ್ಮ ತಿರುಗಿ ನೋಡಿದಳು.

"ಏನೋ ಅದು ಬರ್ಕೋತಾ ಇದೀಯ?"

"ಡಾಕ್ಟರಿಗೆ ಹೇಳ್ಬೇಕಲ್ಲಮ್ಮ."

"ಹಂಗಾದ್ರೆ ಒಂದೂ ಹರೀಲಿಲ್ಲ ಅಂತ್ಲೂ ಬರ್ಕೋ" ಅಂದು ಒಬ್ಬಟ್ಟು ಮಗುಚಿ ಹಾಕಿದಳು.